ಗಾಳಿಯ ಸದ್ದು ನೀರಿಗಿಳಿಯುವ ದಾರಿ

(ಕಾರವಾರದಲ್ಲಿ ಸಾರ್ವಜನಿಕರಿಗಾಗಿ ಕಿವಿಯ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಯ ಟ್ಯಾಗೋರ್ ಕಡಲತೀರದಲ್ಲಿ ಈಜಲು ಇಳಿದವರಿಗೆಲ್ಲ ಗೊತ್ತಿರುವ ವಿಷಯದಿಂದ ಶುರುಮಾಡೋಣ. ತಲೆ ನೀರಿನ ಮೇಲಿರುವಾಗ ಅಲೆಯ ಮೊರೆತ, ಮಕ್ಕಳ ಕೇಕೆ, ರಸ್ತೆಯ ಹಾರ್ನ್ ಎಲ್ಲ ಕೇಳುತ್ತದೆ. ತಲೆ ಮುಳುಗಿತೋ, ದಡದ ಸದ್ದೆಲ್ಲ ಕತ್ತರಿಸಿದ ಹಾಗೆ ನಿಲ್ಲುತ್ತದೆ. ನೀರಿನಲ್ಲಿ ಸದ್ದು ಸಾಗುವುದಿಲ್ಲ ಎಂದಲ್ಲ. ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ತೊಡಕಿರುವುದು ಗಾಳಿ, ನೀರು ಕೂಡುವ ಮೇಲ್ಮೈಯಲ್ಲಿ. ಗಾಳಿಯ ಅಲೆ ನೀರಿಗೆ ಬಡಿದಾಗ ಅದರ ಶಕ್ತಿಯ 1000 ಪಾಲಿನಲ್ಲಿ 999 ಪಾಲು ಪುಟಿದು ವಾಪಸು ಹೋಗುತ್ತದೆ. ಒಂದೇ ಒಂದು ಪಾಲು ಒಳಗಿಳಿಯುತ್ತದೆ.

ನಾವು ಕೇಳುವುದು ಕೂಡ ನೀರಿನಲ್ಲೇ. ಸದ್ದನ್ನು ಗ್ರಹಿಸುವ ಜೀವಕೋಶಗಳು ತಲೆಬುರುಡೆಯ ಗಟ್ಟಿ ಎಲುಬಿನೊಳಗೆ, ಉಪ್ಪಿನಂಶದ ದ್ರವ ತುಂಬಿದ ಒಂದು ಸುರುಳಿಯಲ್ಲಿ ಕೂತಿವೆ. ಗಾಳಿಯಲ್ಲಿ ಬಂದ ಮಾತು ಅಲ್ಲಿಗಿಳಿಯಬೇಕಾದರೆ ಆ 999 ಪಾಲಿನ ನಷ್ಟವನ್ನು ಹೇಗಾದರೂ ತಪ್ಪಿಸಬೇಕು. ಹೊರಗಿವಿ, ನಡುಗಿವಿ ಎರಡೂ ಇರುವುದು ಈ ಕೆಲಸಕ್ಕೆ.

ಆದ್ದರಿಂದ ಕಿವಿಗೆ ಏನೇ ಆದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ನೀರಿನ ಈಚೆಗೋ, ಆಚೆಗೋ? ಈಚೆಗಿದ್ದರೆ ಗುಗ್ಗೆ ತೆಗೆದು, ತೂತು ಮುಚ್ಚಿ, ಎಲುಬು ಬದಲಿಸಿ ಬಹುಪಾಲು ಸರಿಮಾಡಬಹುದು. ಆಚೆಗಿದ್ದರೆ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಅಲ್ಲಿ ಕೆಡದಂತೆ ಕಾಯಬೇಕು. ಕೆಟ್ಟರೆ ಗಂಟೆ, ದಿನಗಳ ಲೆಕ್ಕದಲ್ಲಿ ಓಡಬೇಕು.

ದಡದ ಈಚೆ

ಹೊರಗೆ ಕಾಣುವ ಹಾಲೆ ಬರೀ ಅಲಂಕಾರಕ್ಕಲ್ಲ. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದಲೋ, ಮುಂದಿನಿಂದಲೋ ಹಿಂದಿನಿಂದಲೋ ಎಂಬ ಸುಳಿವನ್ನು ಅದರ ಮಡಿಕೆಗಳು ಕೊಡುತ್ತವೆ. ಎಡ ಬಲ ತಿಳಿಯಲು ಮಿದುಳು ಎರಡು ಕಿವಿಗಳಿಗೆ ಸದ್ದು ತಲುಪಿದ ಸಮಯವನ್ನು ಹೋಲಿಸುತ್ತದೆ. ಆ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಒಂದು ಕಿವಿ ಕೇಳದವರಿಗೆ ರಸ್ತೆ ದಾಟುವಾಗ ಲಾರಿ ಯಾವ ಕಡೆಯದು ಎಂದು ಗೊತ್ತಾಗದಿರುವುದು ಇದೇ ಕಾರಣಕ್ಕೆ.

ಹಾಲೆಯಿಂದ ಒಳಗೆ ಸುಮಾರು 2.5 ಸೆಂ.ಮೀ. ಉದ್ದದ ನಾಳ. ಅದು ನೇರವಾಗಿಲ್ಲ, ಸ್ವಲ್ಪ ತಿರುಚಿಕೊಂಡಿದೆ. ಅದಕ್ಕೇ ಔಷಧ ಹಾಕುವಾಗ ದೊಡ್ಡವರ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ, ಮೂರು ವರ್ಷದೊಳಗಿನ ಮಗುವಿನ ಕಿವಿಯನ್ನು ಕೆಳಕ್ಕೆ ಹಿಂದಕ್ಕೆ ಎಳೆಯಬೇಕು. ಆಗ ನಾಳ ನೆಟ್ಟಗಾಗುತ್ತದೆ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ. ಅಲ್ಲಿ ಕೂದಲಿದೆ, ಗುಗ್ಗೆ ಸ್ರವಿಸುವ ಗ್ರಂಥಿಗಳಿವೆ. ಒಳಗಿನ ಎರಡು ಭಾಗ ಎಲುಬಿನದು; ಅದರ ಮೇಲೆ ತೆಳ್ಳನೆಯ ಚರ್ಮ ಅಂಟಿಕೊಂಡಿದೆ, ಮುಟ್ಟಿದರೆ ಸಾಕು ನೋಯುತ್ತದೆ.

ಗುಗ್ಗೆ ಹುಟ್ಟುವುದು ಹೊರಭಾಗದಲ್ಲಿ ಮಾತ್ರ. ಅಂದರೆ ನಾಳದ ಕೊನೆಯಲ್ಲಿ ಸದ್ದಿಗೆ ಕಂಪಿಸುವ ಪೊರೆಯಾದ ತಮಟೆಗೆ ಅಂಟಿಕೊಂಡ ಗುಗ್ಗೆ ಕಂಡರೆ ಅದನ್ನು ಸಾಮಾನ್ಯವಾಗಿ ಯಾರೋ ಅಲ್ಲಿಯತನಕ ತಳ್ಳಿದ್ದಾರೆ: ಬಡ್ಸ್, ಬೆಂಕಿಕಡ್ಡಿ, ಪಿನ್ನು, ಕೋಳಿಪುಕ್ಕ. ಕಿವಿಗೆ ತನ್ನನ್ನು ತಾನೇ ಗುಡಿಸಿಕೊಳ್ಳುವ ವ್ಯವಸ್ಥೆ ಇದೆ. ತಮಟೆಯ ನಡುವಿನಿಂದ ಹೊರಟ ಚರ್ಮ ಉಗುರು ಬೆಳೆಯುವಷ್ಟೇ ನಿಧಾನವಾಗಿ ಹೊರಗಡೆ ಸರಿಯುತ್ತ, ಗುಗ್ಗೆಯನ್ನೂ ಧೂಳನ್ನೂ ಬಾಗಿಲಿಗೆ ತಂದು ಹಾಕುತ್ತದೆ. ನಾವು ಮಾಡಬೇಕಾದ್ದು ಸ್ನಾನದ ನಂತರ ಬೆರಳಿಗೆ ಬಟ್ಟೆ ಸುತ್ತಿ ಬಾಗಿಲು ಒರೆಸುವುದಷ್ಟೇ. ಬಡ್ಸ್‌ನ ತುದಿಗೆ ಒಂದಿಷ್ಟು ಗುಗ್ಗೆ ಅಂಟಿ ಬರುತ್ತದೆ, ಅದಕ್ಕಿಂತ ಹೆಚ್ಚು ಒಳಗೆ ಹೋಗಿರುತ್ತದೆ.

ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿದ್ದರೆ ಮೂರರಿಂದ ಐದು ದಿನ ಮೆದುಮಾಡುವ ಹನಿ ಹಾಕಿ, ಆಮೇಲೆ ವೈದ್ಯರಿಂದ ತೆಗೆಸಿ. ನೀರು ಹಾಯಿಸಿ ತೊಳೆಯುವಾಗ ಆ ನೀರು ಮೈಯಷ್ಟೇ ಬಿಸಿ, 37 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣೀರು ಬಿಟ್ಟರೆ ಪಕ್ಕದಲ್ಲೇ ಇರುವ ಸಮತೋಲದ ನಾಳದ ದ್ರವ ತಣಿದು ಹರಿಯತೊಡಗುತ್ತದೆ, ಕುರ್ಚಿಯಲ್ಲಿ ಕೂತವರಿಗೆ ಕೋಣೆಯೇ ಗಿರಗಿರ ತಿರುಗುತ್ತದೆ. ಇದನ್ನು ವಿವರಿಸಿ, ಒಳಗಿವಿಯ ಪರೀಕ್ಷೆಯನ್ನಾಗಿ ರೂಪಿಸಿದ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಬಂತು.

ಎಣ್ಣೆಯ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬಂದೇ ಬರುತ್ತದೆ. ತಮಟೆ ಗಟ್ಟಿಯಿದ್ದವರಿಗೆ ಎರಡು ಹನಿ ತೆಂಗಿನೆಣ್ಣೆ ವಿಷವೇನಲ್ಲ. ಆದರೆ ತಮಟೆಯಲ್ಲಿ ತೂತಿದೆಯೋ ಇಲ್ಲವೋ ಮನೆಯಲ್ಲಿ ಗೊತ್ತಾಗುವುದಿಲ್ಲ. ತೂತಿದ್ದರೆ ಎಣ್ಣೆ, ಬೆಳ್ಳುಳ್ಳಿ, ಸೊಪ್ಪಿನ ರಸ ಎಲ್ಲ ನಡುಗಿವಿಗೇ ಇಳಿಯುತ್ತವೆ. ನೋವಿಗೋ ಸೋರಿಕೆಗೋ ಎಣ್ಣೆ ಬಿಡಬೇಡಿ. ಎಣ್ಣೆ ನಿಜವಾಗಿ ಉಪಯೋಗಕ್ಕೆ ಬರುವುದು ಒಂದು ಕಡೆ: ಕಿವಿಯೊಳಗೆ ಜೀವಂತ ಹುಳ ಹೊಕ್ಕಾಗ. ಅದು ಪ್ರತಿ ಸಲ ಒದ್ದಾಡಿದಾಗಲೂ ತಮಟೆಗೆ ಬಡಿಯುತ್ತದೆ, ಆ ಹಿಂಸೆ ತಡೆಯಲಾಗದು. ಹಿಂದೆಂದೂ ಕಿವಿ ಸೋರಿಲ್ಲದಿದ್ದರೆ ಆ ಕಿವಿ ಮೇಲೆ ಬರುವಂತೆ ಮಲಗಿಸಿ, ನಾಳ ತುಂಬುವಷ್ಟು ಎಣ್ಣೆ ಬಿಡಿ. ಹುಳ ಉಸಿರುಗಟ್ಟಿ ಸಾಯುತ್ತದೆ. ಶಿರಸಿ ಕಡೆ ಚಳಿಗಾಲದ ಬೆಳಗ್ಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿರುತ್ತದೆ, ಅದನ್ನು ಅಂಗೈಯಲ್ಲಿಟ್ಟು ಕರಗಿಸಿ, ಒಲೆಯ ಮೇಲಿಡಬೇಡಿ. ಬಿಸಿ ಎಣ್ಣೆ ತಮಟೆಯನ್ನು ಸುಡುತ್ತದೆ. ಸತ್ತ ಹುಳವನ್ನು ಆಸ್ಪತ್ರೆಯಲ್ಲೇ ತೆಗೆಸಿ. ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋದವರ ಕಿವಿಗೆ ಉಣುಗು ಕಚ್ಚಿಕೊಂಡಿದ್ದರೆ ಎಣ್ಣೆ ಸಾಲದು. ಕಿತ್ತರೆ ಬಾಯಿಯ ಭಾಗ ಚರ್ಮದಲ್ಲೇ ಉಳಿಯುತ್ತದೆ. ಅದನ್ನು ವೈದ್ಯರೇ ತೆಗೆಯಬೇಕು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಉಣುಗು ಕಚ್ಚಿದ್ದನ್ನು ತಪ್ಪದೆ ಹೇಳಿ, ಮಂಗನ ಕಾಯಿಲೆಯ ಸೀಮೆ ನಮ್ಮದು.

ಮಕ್ಕಳು ಕಿವಿಗೆ ಹೆಸರುಕಾಳು, ಕಡಲೆ ಹಾಕಿಕೊಂಡರೆ ನೀರು ಬಿಡಬೇಡಿ, ಕಾಳು ಉಬ್ಬಿ ಇನ್ನೂ ಬಿಗಿಯುತ್ತದೆ. ಗುಂಡಿಯಾಕಾರದ ಬ್ಯಾಟರಿ ಹಾಕಿಕೊಂಡಿದ್ದರೆ ಯಾವ ಹನಿಯೂ ಬೇಡ, ಆ ಕ್ಷಣವೇ ಹೊರಡಿ. ಕೆಲವೇ ಗಂಟೆಗಳಲ್ಲಿ ಅದು ಸುತ್ತಲಿನ ಚರ್ಮವನ್ನು ಸುಟ್ಟುಬಿಡುತ್ತದೆ.

ಮಳೆಗಾಲದಲ್ಲಿ ಕರಾವಳಿಯ ಕಿವಿಗೆ ಬರುವ ದೊಡ್ಡ ಕಾಟ ಬೂಸು. ಬಟ್ಟೆ ಒಣಗದ ಹವೆಯಲ್ಲಿ ಕಿವಿಯೂ ಒಣಗುವುದಿಲ್ಲ. ಗುಗ್ಗೆಯ ಹುಳಿಗುಣ ಶಿಲೀಂಧ್ರವನ್ನು ತಡೆಯುತ್ತದೆ; ಕಡ್ಡಿ ಹಾಕಿ ಗುಗ್ಗೆಯನ್ನೆಲ್ಲ ಕೆರೆದು, ಚರ್ಮವನ್ನೂ ಗೀರಿದವರಿಗೆ ಬೂಸು ಬೇಗ ಹಿಡಿಯುತ್ತದೆ. ವಿಪರೀತ ತುರಿಕೆ, ಕಿವಿ ಮುಚ್ಚಿದಂತಾಗುವುದು, ಒಳಗೆ ನೋಡಿದರೆ ಒದ್ದೆ ನ್ಯೂಸ್ ಪೇಪರಿನ ಮೇಲೆ ಕಪ್ಪು ಚುಕ್ಕೆ ಉದುರಿದ ಹಾಗೆ ಕಾಣುವುದು ಇದರ ಲಕ್ಷಣ. ಮೆಡಿಕಲ್ ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್ ಹನಿ ಹಾಕಿದರೆ ಹೆಚ್ಚುತ್ತದೆ, ಏಕೆಂದರೆ ಆ ಔಷಧ ಬ್ಯಾಕ್ಟೀರಿಯಾಗಳನ್ನು ಕೊಂದು ಬೂಸಿಗೆ ಜಾಗ ಮಾಡಿಕೊಡುತ್ತದೆ. ಮೊದಲು ಬೂಸನ್ನು ಹೀರಿ ತೆಗೆಯಬೇಕು, ಆಮೇಲೆ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಹನಿ.

ಮೂರು ಎಲುಬಿನ ಸೇತುವೆ

ನಾಳದ ಕೊನೆಯಲ್ಲಿ ತಮಟೆ. ಅಗಲ 9ರಿಂದ 10 ಮಿ.ಮೀ., ದಪ್ಪ ಒಂದು ಮಿ.ಮೀ.ನ ಹತ್ತನೇ ಒಂದು ಪಾಲು. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೇ ನಡುಗಿವಿ. ಅದರಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಒಂದಕ್ಕೊಂದು ಜೋಡಿಕೊಂಡಿವೆ. ರಿಕಾಪು ದೇಹದ ಅತಿ ಚಿಕ್ಕ ಎಲುಬು. ಎತ್ತರ ಸುಮಾರು 3 ಮಿ.ಮೀ., ತೂಕ ಸುಮಾರು 3 ಮಿಲಿಗ್ರಾಂ. ಅದರ ಪಾದ ಒಳಗಿವಿಯ ಅಂಡಾಕಾರದ ಕಿಂಡಿಯಲ್ಲಿ ಕೂತಿದೆ. ಆ ಕಿಂಡಿಯ ಆಚೆಗೆ ನೀರು.

ತಮಟೆಯಲ್ಲಿ ಕಂಪಿಸುವ ಭಾಗದ ವಿಸ್ತೀರ್ಣ ಸುಮಾರು 55 ಚದರ ಮಿ.ಮೀ., ರಿಕಾಪಿನ ಪಾದದ್ದು 3.2. ಅಗಲವಾದ ಜಾಗಕ್ಕೆ ಬಿದ್ದ ಬಲವನ್ನು ಸಣ್ಣ ಜಾಗಕ್ಕೆ ಒತ್ತಿದಾಗ ಒತ್ತಡ 17 ಪಟ್ಟು ಏರುತ್ತದೆ. ಸುತ್ತಿಗೆಯ ಹಿಡಿ ಅಡಿಗಲ್ಲಿಗಿಂತ ಉದ್ದವಿರುವುದರಿಂದ ಸನ್ನೆಗೋಲಿನ ಲಾಭ 1.3 ಪಟ್ಟು. ಎರಡನ್ನೂ ಗುಣಿಸಿದರೆ ಸುಮಾರು 22. ನೀರಿನ ಮೇಲ್ಮೈಯಲ್ಲಿ ಆಗಬಹುದಾಗಿದ್ದ ಆ 999 ಪಾಲಿನ, ಅಂದರೆ 30 ಡೆಸಿಬೆಲ್‌ನ, ನಷ್ಟದಲ್ಲಿ ಹೆಚ್ಚಿನ ಪಾಲು ಇಲ್ಲಿಯೇ ತುಂಬಿಬರುತ್ತದೆ. ನೆಲ ಅಗೆಯುವ ಹಾರೆಯ ತುದಿ ಚೂಪಾಗಿರುವುದೂ ಇದೇ ಲೆಕ್ಕದಿಂದ.

ಈ ಕೋಣೆಯ ಗಾಳಿಯ ಒತ್ತಡ ಹೊರಗಿನ ಗಾಳಿಗೆ ಸಮ ಇದ್ದರೆ ಮಾತ್ರ ತಮಟೆ ಸರಿಯಾಗಿ ಕಂಪಿಸುತ್ತದೆ. ಅದನ್ನು ಸಮ ಮಾಡುವುದು ಮೂಗಿನ ಹಿಂಬದಿಗೆ ತೆರೆಯುವ ಯುಸ್ಟೇಶಿಯನ್ ನಾಳ. ಅದು ಸದಾ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಕ್ಷಣಮಾತ್ರ ತೆರೆಯುತ್ತದೆ. ಸಮುದ್ರಮಟ್ಟದ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಹೋದಾಗ ಗಾಳಿಯ ಒತ್ತಡ ಶೇ. 7ರಷ್ಟು ಇಳಿಯುತ್ತದೆ. ಹತ್ತುವಾಗ ಒಳಗಿನ ಗಾಳಿ ತಾನಾಗಿ ನಾಳದಿಂದ ಹೊರಬೀಳುತ್ತದೆ, ಟಪ್ ಎಂದು ಕಿವಿ ಬಿಡುತ್ತದೆ. ತೊಂದರೆ ಇಳಿಯುವಾಗಿನದು. ಆಗ ಹೊರಗಿನ ಒತ್ತಡ ಹೆಚ್ಚಿ ನಾಳದ ಮೆತ್ತನೆಯ ಬಾಯಿ ಇನ್ನಷ್ಟು ಅಮುಕಿಕೊಳ್ಳುತ್ತದೆ, ಸ್ನಾಯು ಎಳೆದೇ ತೆರೆಯಬೇಕು. ನೆಗಡಿಯಿದ್ದವರಿಗೆ ಘಟ್ಟ ಇಳಿಯುವಾಗ ಕಿವಿ ನೋಯುವುದು ಇದಕ್ಕೇ. ನೀರು ಗುಟುಕರಿಸುತ್ತಿರಿ, ಮಗುವಿಗೆ ಹಾಲು ಕುಡಿಸಿ.

ಘಟ್ಟದ ಆ ಶೇ. 7ನ್ನು ನೀರಿನ ಜೊತೆ ಹೋಲಿಸಿ ನೋಡಿ. ಕಡಲಲ್ಲಿ ಕೇವಲ ಒಂದು ಮೀಟರ್ ಮುಳುಗಿದರೆ ಒತ್ತಡ ಶೇ. 10ರಷ್ಟು ಏರುತ್ತದೆ. ಶಿರಸಿಯಿಂದ ಕುಮಟಾಕ್ಕೆ ಇಳಿದಾಗ ಆಗುವುದಕ್ಕಿಂತ ಹೆಚ್ಚು, ಅದೂ ಒಂದೆರಡು ಸೆಕೆಂಡಿನಲ್ಲಿ! ನೇತ್ರಾಣಿಯಲ್ಲಿ ಸ್ಕೂಬಾಕ್ಕೆ ಇಳಿಯುವವರೂ ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಗೆ ಮುಳುಗುವವರೂ ಇದನ್ನು ತಿಳಿದಿರಬೇಕು. ಹತ್ತು ಮೀಟರಿಗೆ ಒತ್ತಡ ಇಮ್ಮಡಿ. ನೋವು ಬರುವವರೆಗೆ ಕಾಯದೆ ಪ್ರತಿ ಮೀಟರಿಗೂ ಮೂಗು ಹಿಡಿದು ನುಂಗಿ ಅಥವಾ ಮೆಲ್ಲನೆ ಊದಿ. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಒಳಗಿವಿಯ ಕಿಂಡಿಯೇ ಹರಿಯಬಹುದು. ನೆಗಡಿ ಇರುವ ದಿನ ಮುಳುಗುವ ಕೆಲಸವೇ ಬೇಡ.

ದೊಡ್ಡವರಲ್ಲಿ ಈ ನಾಳ ಸುಮಾರು 36 ಮಿ.ಮೀ. ಉದ್ದ, 45 ಡಿಗ್ರಿ ಓರೆ. ಹಸುಗೂಸಿನಲ್ಲಿ ಅದರ ಅರ್ಧ ಉದ್ದ, ಓರೆ 10 ಡಿಗ್ರಿ, ಹೆಚ್ಚುಕಡಿಮೆ ಅಡ್ಡ. ಮೂಗಿನ ಸೋಂಕು ಕಿವಿಗೆ ಹತ್ತಲು ಇದು ಸಲೀಸು ದಾರಿ. ಮಗುವಿನ ಕಿವಿ ಸೋರುವುದು ಸ್ನಾನದ ನೀರು ಹೋಗಿದ್ದಕ್ಕೆ ಎಂದು ತಾಯಂದಿರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಗಟ್ಟಿ ತಮಟೆಯನ್ನು ದಾಟಿ ನೀರು ಒಳಗೆ ಹೋಗುವುದಿಲ್ಲ. ಆ ಕೀವು ಮೂಗಿನ ಕಡೆಯಿಂದ ಬಂದದ್ದು. ಮಗುವನ್ನು ಪೂರ್ತಿ ಅಂಗಾತ ಮಲಗಿಸಿ ಬಾಟಲಿ ಹಾಲು ಕೊಡಬೇಡಿ, ತಲೆ ಎತ್ತರದಲ್ಲಿರಲಿ.

ಸೋರುವ ಕಿವಿಯನ್ನು ಒಣಗಿಸುವುದೇ ಅರ್ಧ ಚಿಕಿತ್ಸೆ. ತೊಳೆದ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯ ಬಾಯಲ್ಲಿಡಿ. ಅದು ಒದ್ದೆಯಾದಾಗ ತೆಗೆದು ಬೇರೆಯದನ್ನಿಡಿ, ಒಣಗಿದ ಬತ್ತಿ ಬರುವವರೆಗೆ ಹೀಗೆ, ದಿನಕ್ಕೆ ಮೂರು ಸಲ. ಆಮೇಲೆ ವೈದ್ಯರು ಬರೆದ ಹನಿ. ಮನೆಯಲ್ಲಿ ಉಳಿದ ಹಳೆಯ ಹನಿ ಬೇಡ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿ ತೂತಿನ ಮೂಲಕ ಒಳಗಿವಿ ಸೇರಿದರೆ ನೀರಿನ ಆಚೆಯ ಜೀವಕೋಶಗಳನ್ನೇ ಕೊಲ್ಲಬಲ್ಲದು. ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿಯುಂಡೆ ಇಡಿ. ಸೋರಿಕೆ ಸ್ವಲ್ಪವೇ ಇದ್ದು ಕೆಟ್ಟ ನಾತ ಹೊಡೆಯುತ್ತಿದ್ದರೆ ಹೆಚ್ಚು ಹೆದರಬೇಕು. ಧಾರಾಳವಾಗಿ ಸೋರುವ ಕಿವಿಗಿಂತ ಅದು ಅಪಾಯಕಾರಿ. ಒಳಗೆ ಚರ್ಮ ಗಂಟಾಗಿ ಬೆಳೆದು ಎಲುಬನ್ನು ತಿನ್ನುತ್ತಿರಬಹುದು. ಪಕ್ಕದಲ್ಲೇ ಮುಖದ ನರ, ಮೇಲೆ ಮಿದುಳು.

ಇನ್ನೊಂದು ಮಾತು, ಶಿಕ್ಷಕರಿಗೂ ಪಾಲಕರಿಗೂ. ಕೆನ್ನೆಗೆ ಬಿಗಿದ ಅಂಗೈ ಕಿವಿಯ ಬಾಯಿಗೆ ಬಿದ್ದರೆ ನಾಳದ ಗಾಳಿ ಅಮುಕಿ ತಮಟೆ ಹರಿಯುತ್ತದೆ. ಹಾಗಾದಾಗ ಏನೂ ಹಾಕದೆ ಒಣಗಿಟ್ಟರೆ ಸಣ್ಣ ಹರುಕು ವಾರಗಳಲ್ಲಿ ತಾನೇ ಕೂಡುತ್ತದೆ. ಮೂರು ತಿಂಗಳಾದರೂ ಕೂಡದಿದ್ದರೆ ಶಸ್ತ್ರಚಿಕಿತ್ಸೆಯಿಂದ ತೇಪೆ ಹಾಕಬಹುದು.

ನೀರಿನ ಆಚೆ

ಶಂಖದಂತೆ ಎರಡೂವರೆ ಸುತ್ತು ಸುತ್ತಿದ ಸುರುಳಿ ಕಾಕ್ಲಿಯಾ. ಬಿಡಿಸಿ ಇಟ್ಟರೆ 35 ಮಿ.ಮೀ. ಅದರುದ್ದಕ್ಕೂ ಒಂದು ಪೊರೆ. ಕಿಂಡಿಯ ಹತ್ತಿರ ಅದು ಕಿರಿದು, ಬಿಗಿ. ತುದಿಯಲ್ಲಿ ಅಗಲ, ಸಡಿಲ. ಆದ್ದರಿಂದ ಜೀರುಂಡೆಯ ಕೀರಲು ಬುಡವನ್ನು ಕುಣಿಸುತ್ತದೆ, ದೋಣಿಯ ಎಂಜಿನ್ನಿನ ಗುಡುಗುಡು ತುದಿಯ ಕಡೆಯನ್ನು. ಈ ಅಲೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ತೋರಿಸಿದ್ದಕ್ಕೆ ಜಾರ್ಜ್ ಫಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ಪೊರೆಯ ಮೇಲೆ ರೋಮಕೋಶಗಳು: ಮಿದುಳಿಗೆ ಸುದ್ದಿ ಕಳಿಸುವ ಒಳಸಾಲಿನವು ಸುಮಾರು 3,500, ತಾವೇ ಕುಣಿದು ಸಣ್ಣ ಸದ್ದನ್ನು ಹಿಗ್ಗಿಸುವ ಹೊರಸಾಲಿನವು ಸುಮಾರು 12,000. ಹುಟ್ಟುವಾಗ ತಂದದ್ದಿಷ್ಟೇ.

ಮೊದಲು ಸಾಯುವುದು ಬುಡದವು, ಅಂದರೆ ಕೀಚಲು ಸ್ವರದವು. ವಯಸ್ಸಾದವರು ‘ಈಗ ಜೀರುಂಡೆಯೇ ಕೂಗುವುದಿಲ್ಲ’ ಎಂದರೆ ಕಾಡಿನ ಜೊತೆ ಕಿವಿಯನ್ನೂ ಒಮ್ಮೆ ಪರೀಕ್ಷಿಸಬೇಕು. ಕಾಯಿ, ತಾಯಿ, ಬಾಯಿ, ನಾಯಿ ಎಂದು ಹೇಳಿ ನೋಡಿ. ನಾಲ್ಕಕ್ಕೂ ಸ್ವರ ಒಂದೇ, ಬೇರೆಯಿರುವುದು ಮೊದಲ ವ್ಯಂಜನ ಮಾತ್ರ. ಮಾತಿನ ಗಟ್ಟಿತನವೆಲ್ಲ ‘ಆ’ ಎಂಬಂಥ ಸ್ವರಗಳಲ್ಲಿದೆ, ಅವು ಕೆಳಸ್ಥಾಯಿಯವು. ಕ, ತ, ಸ, ಶ ಮೇಲ್ಸ್ಥಾಯಿಯವು, ಮೆಲುವಾದವು. ‘ಸ’ಕಾರದ ಶಕ್ತಿ ಹೆಚ್ಚಾಗಿ 4,000 ಹರ್ಟ್ಸ್‌ನ ಮೇಲಿರುತ್ತದೆ. ‘ಮಾತಾಡಿದ್ದು ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ’ ಎಂದು ಅಜ್ಜಿ ಹೇಳುವುದು ಅಕ್ಷರಶಃ ನಿಜ. ಅವರ ಎದುರು ಕಿರುಚಿದರೆ ಸ್ವರವಷ್ಟೇ ದೊಡ್ಡದಾಗುತ್ತದೆ. ಮುಖ ತೋರಿಸಿ, ಬಿಡಿಬಿಡಿಯಾಗಿ ಹೇಳಿ.

ಸದ್ದು ಕೆಡಿಸುವುದೂ ಈ ಬುಡದ ಭಾಗವನ್ನೇ, ಸಾಮಾನ್ಯವಾಗಿ 4,000 ಹರ್ಟ್ಸ್‌ನ ಸುತ್ತ. ದಿನಕ್ಕೆ 85 ಡೆಸಿಬೆಲ್ ಎಂಟು ಗಂಟೆ ಎಂಬುದು ಒಪ್ಪಿತ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕಿಳಿಸಬೇಕು: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 100ಕ್ಕೆ 15 ನಿಮಿಷ. ಮೀಟರ್ ಇಲ್ಲದಿದ್ದರೆ, ಒಂದು ಮಾರು ದೂರದವರ ಜೊತೆ ಕೂಗಿ ಮಾತಾಡಬೇಕಾದಲ್ಲಿ 85 ದಾಟಿದೆ ಎಂದುಕೊಳ್ಳಿ. ಟ್ರಾಲರಿನ ಎಂಜಿನ್ ಕೋಣೆ, ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರ, ರಾತ್ರಿಯಿಡೀ ಚಂಡೆಯ ಪಕ್ಕದಲ್ಲಿ ಕೂರುವ ಹಿಮ್ಮೇಳದವರ ಜಾಗ ಎಲ್ಲದಕ್ಕೂ ಈ ಅಳತೆ ಹಚ್ಚಿ. ಹತ್ತಿ ತುರುಕಿದರೆ ಏನೂ ಪ್ರಯೋಜನವಿಲ್ಲ. ಫೋಮ್ ಪ್ಲಗ್ಗನ್ನು ಸಪೂರಾಗಿ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ 30 ಸೆಕೆಂಡು ಒತ್ತಿಹಿಡಿಯಬೇಕು. ಅರ್ಧ ಹೊರಗೆ ನೇತಾಡುವ ಪ್ಲಗ್ಗು ಇದ್ದೂ ಇಲ್ಲದಂತೆ. ನಡುಗಿವಿಯ ಪುಟ್ಟ ಸ್ನಾಯುವೊಂದು ಜೋರು ಸದ್ದಿಗೆ ರಿಕಾಪನ್ನು ಬಿಗಿಹಿಡಿಯುತ್ತದೆ ನಿಜ. ಆದರೆ ಅದು ಬಿಗಿಯುವಷ್ಟರಲ್ಲಿ ಪಟಾಕಿಯ ಹೊಡೆತ ಒಳಗೆ ಹೋಗಿ ಆಗಿರುತ್ತದೆ. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಗೆ ನಮ್ಮ ಕಾನೂನಿನಲ್ಲಿ ನಿಷೇಧವಿದೆ; ಕೈಯಳತೆಯಲ್ಲಿ ಸಿಡಿದರೆ ಆ ಲೆಕ್ಕವೇ ಬೇರೆ.

ಈಗ ಎಲ್ಲರೂ ಬಾಯಿ ಮುಚ್ಚಿ ‘ಮ್‌ಮ್’ ಎಂದು ಗುನುಗಿ. ಗುನುಗುತ್ತಲೇ ಬಲಗಿವಿಯನ್ನು ಬೆರಳಿನಿಂದ ಮುಚ್ಚಿ. ಸದ್ದು ಬಲಕ್ಕೆ ವಾಲಿತಲ್ಲವೇ? ಎಲುಬಿನ ಮೂಲಕ ಕಿವಿಯ ನಾಳಕ್ಕೆ ಬಂದ ಸದ್ದು ಮುಚ್ಚಿದ ಬಾಗಿಲಿನಿಂದ ಹೊರಗೆ ಸೋರಲಾರದೆ ಅಲ್ಲೇ ತುಂಬಿಕೊಳ್ಳುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ಬೆರಳಿಡದೆ ಹೀಗೇ ಗುನುಗಿ. ಸದ್ದು ಮಂದವಾದ ಕಿವಿಗೇ ವಾಲಿದರೆ ತಡೆ ಈಚೆಗಿದೆ: ಗುಗ್ಗೆ, ನೀರು, ನೆಗಡಿ. ಒಳ್ಳೆಯ ಕಿವಿಗೆ ವಾಲಿದರೆ ಕೆಟ್ಟಿರುವುದು ಆಚೆಗೆ. ವೈದ್ಯರು 512 ಹರ್ಟ್ಸ್ ಶ್ರುತಿಕವಲನ್ನು ಹಣೆಗಿಟ್ಟು ನೋಡುವುದೂ ಇದನ್ನೇ. ಮನೆಯ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ, ಆದರೆ ಒಳ್ಳೆಯ ಕಿವಿಗೆ ವಾಲಿದರೆ ‘ನೆಗಡಿಯಿರಬೇಕು’ ಎಂದು ವಾರ ಕಾಯುವಂತಿಲ್ಲ. ಅದೇ ದಿನ ಕಿವಿ ಮೂಗು ಗಂಟಲು ತಜ್ಞರ ಹತ್ತಿರ ಹೋಗಿ. ಹಠಾತ್ ಕಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಎರಡು ವಾರದ ನಂತರ ಫಲ ತೀರ ಕಡಿಮೆ.

ಸಮತೋಲದ ಮೂರು ನಾಳಗಳೂ ಇದೇ ನೀರಿನಲ್ಲಿವೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಒಂದು ನಿಮಿಷದೊಳಗೆ ನಿಲ್ಲುವ ತಲೆತಿರುಗು ಬಂದರೆ, ಜಾಗ ತಪ್ಪಿದ ಸುಣ್ಣದ ಹರಳು ನಾಳಕ್ಕೆ ಜಾರಿರುವುದೇ ಬಹಳ ಸಲ ಕಾರಣ. ಅದಕ್ಕೆ ಮಾತ್ರೆಗಿಂತ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ವಾಪಸು ಜಾರಿಸುವ ಎಪ್ಲಿ ವಿಧಾನ ಒಳ್ಳೆಯದು.

ಹುಟ್ಟಿದ ಮಗುವಿಗೆ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ಚಿಕಿತ್ಸೆ ಅಥವಾ ಯಂತ್ರ ಆಗಬೇಕು. ‘ನಿಧಾನಕ್ಕೆ ಮಾತು ಬರುತ್ತದೆ’ ಎಂದು ಮೂರು ವರ್ಷ ಕಾದರೆ ಮಿದುಳು ಭಾಷೆ ಕಲಿಯುವ ಅಮೂಲ್ಯ ಕಾಲ ಕಳೆದುಹೋಗಿರುತ್ತದೆ. ನಿದ್ದೆಯಲ್ಲಿರುವ ಕೂಸಿನ ಕಿವಿಗೆ ಪುಟ್ಟ ನಳಿಕೆಯಿಟ್ಟು, ಹೊರಸಾಲಿನ ರೋಮಕೋಶಗಳು ತಾವೇ ಹೊರಡಿಸುವ ಸದ್ದನ್ನು ಅಳೆಯುವ ಪರೀಕ್ಷೆ ಕೆಲವೇ ನಿಮಿಷದ್ದು, ನೋವಿಲ್ಲ. ಆ ಸದ್ದನ್ನು ಡೇವಿಡ್ ಕೆಂಪ್ 1978ರಲ್ಲಿ ಲೋಕಕ್ಕೆ ತಿಳಿಸಿದರು.

ಶ್ರವಣಯಂತ್ರ ಪ್ರತಿಯೊಬ್ಬರ ನಷ್ಟಕ್ಕೆ ಹೊಂದಿಸಿದ್ದು, ಅಣ್ಣನ ಯಂತ್ರ ತಮ್ಮನಿಗಾಗದು. ಕರಾವಳಿಯಲ್ಲಿ ಅದು ಕೆಡುವುದು ಹೆಚ್ಚಾಗಿ ತೇವಕ್ಕೆ. ರಾತ್ರಿ ಬ್ಯಾಟರಿ ತೆಗೆದು, ಅದರ ಬಾಗಿಲು ತೆರೆದೇ ಇಟ್ಟು, ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಹರಳಿನ ಬಣ್ಣ ಬದಲಾದರೆ ತೇವ ತುಂಬಿದೆ ಎಂದರ್ಥ, ಹೊಸದು ಹಾಕಿ. ಹೊಸ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಹೊರಗೇ ಬಿಡಿ. ಒಳಗಿನ ಸತು ಗಾಳಿ ಹೀರಿಕೊಂಡ ಮೇಲೆಯೇ ಅದಕ್ಕೆ ಪೂರ್ತಿ ಶಕ್ತಿ ಬರುತ್ತದೆ.